ಇಡೀ ಸಭೆಯ ಗುರಿ, ಆದರೆ ಪಾಳಿ ಯಾರದು?

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರವೊಂದರ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, 90 ಕುಟುಂಬಗಳಿವೆ. ಪ್ರತಿ ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಅಯ್ಯನವರು ಹೊಸ ವರ್ಷದ ಗುರಿಗಳನ್ನು ಓದಿ ಹೇಳುತ್ತಾರೆ. ಎಲ್ಲರೂ ಆಮೆನ್ ಅನ್ನುತ್ತೇವೆ. ಮಳೆಗಾಲ ಹಿಡಿಯುವ ಹೊತ್ತಿಗೆ ಅವು ಯಾರಿಗೂ ನೆನಪಿರುವುದಿಲ್ಲ. ಈ ಸಲ ಗುರಿಗಳನ್ನು ಗೊತ್ತುಮಾಡುವ ಕೆಲಸವನ್ನು ಸಮಿತಿಯವರು ನನಗೂ ಇನ್ನಿಬ್ಬರು ಯುವಕರಿಗೂ ಒಪ್ಪಿಸಿದ್ದಾರೆ. ಸಭೆಯ ಹಿರಿಯರೊಬ್ಬರು, ‘ಇದು ದೇವರ ಸಭೆ, ಕಂಪನಿಯಲ್ಲ, ಟಾರ್ಗೆಟ್ ಇಟ್ಟುಕೊಳ್ಳೋದು ಸರಿಯಲ್ಲ’ ಎಂದು ಬೇಸರಪಟ್ಟುಕೊಂಡಿದ್ದಾರೆ. ಎಲ್ಲರೂ ತಮ್ಮದೆಂದು ಒಪ್ಪಿಕೊಳ್ಳುವ ಗುರಿಯನ್ನು ಇಡುವುದು ಹೇಗೆ?

ಉತ್ತರ: ಆ ಹಿರಿಯರ ಮಾತನ್ನು ತಳ್ಳಿಹಾಕಬೇಡಿ. ಅವರ ಬೇಸರಕ್ಕೆ ಕಾರಣವಿದೆ, ಅಲ್ಲಿಗೆ ಆಮೇಲೆ ಬರುತ್ತೇನೆ. ಆದರೆ ಜನವೆಲ್ಲ ಕೂಡಿ ವರ್ಷಕ್ಕಿಷ್ಟು ಮಾಡುತ್ತೇವೆಂದು ಬರೆದಿಡುವುದು ಕಂಪನಿಗಳಿಂದ ಕಲಿತ ರೂಢಿಯಲ್ಲ. ನೆಹೆಮೀಯನ ಪುಸ್ತಕದ 10ನೆಯ ಅಧ್ಯಾಯವನ್ನು ನೀವು ಮೂವರೂ ಆ ಹಿರಿಯರ ಜೊತೆಗೇ ಕೂತು ಓದಿ. ಅರ್ಧಕ್ಕರ್ಧ ಬರೀ ಹೆಸರುಗಳೇ ಇರುವುದರಿಂದ ಆ ಅಧ್ಯಾಯದ ಮೇಲೆ ಪ್ರಸಂಗ ಕೇಳಿದವರು ಕಡಿಮೆ.

ನೆಹೆಮೀಯ ಪಾರಸಿಯ ದೊರೆ ಅರ್ತಷಸ್ತನ ಅಪ್ಪಣೆ ಪಡೆದು ಯೆರೂಸಲೇಮಿಗೆ ಬಂದದ್ದು ಕ್ರಿ.ಪೂ. 445ರ ಸುಮಾರಿಗೆ. ಊರ ಗೋಡೆ 52 ದಿನಗಳಲ್ಲಿ ಎದ್ದಿತು. ಗೋಡೆಯಾಯಿತು, ಇನ್ನು ಬದುಕುವುದು ಹೇಗೆ ಎಂದು ಜನ ಸೇರಿ ಒಂದು ಒಡಂಬಡಿಕೆ ಬರೆದರು. ಮುದ್ರೆ ಹಾಕಿದವರ ಹೆಸರುಗಳೇ 80ಕ್ಕೂ ಹೆಚ್ಚು. ಉಳಿದವರು ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಿಳಿವಳಿಕೆ ಬಂದವರೆಲ್ಲರೂ ಸೇರಿ ಆಣೆಯಿಟ್ಟರು. ಏನೆಂದು ಆಣೆಯಿಟ್ಟರು ನೋಡಿ. ಸಬ್ಬತ್ ದಿನ ವ್ಯಾಪಾರ ಮಾಡುವುದಿಲ್ಲ. ದೇವಾಲಯದ ಖರ್ಚಿಗೆ ವರ್ಷಕ್ಕೆ ತಲಾ ಶೆಕೆಲ್‌ನ ಮೂರರಲ್ಲೊಂದು ಪಾಲು ಕೊಡುತ್ತೇವೆ. ಮೊದಲ ಬೆಳೆ ಇಷ್ಟು, ಹಿಟ್ಟು ಇಷ್ಟು, ದ್ರಾಕ್ಷಾರಸ ಇಷ್ಟು. ‘ಆತ್ಮಿಕವಾಗಿ ಬೆಳೆಯುತ್ತೇವೆ’ ಎಂಬಂಥ ಮಾತಿಗಷ್ಟೇ ಅವರು ನಿಲ್ಲಲಿಲ್ಲ.

ಆ ಪಟ್ಟಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಸೌದೆಯ ಮಾತು. ಯಜ್ಞವೇದಿಯ ಬೆಂಕಿ ಆರಬಾರದು, ಅದಕ್ಕೆ ವರ್ಷವಿಡೀ ಕಟ್ಟಿಗೆ ಬೇಕು. ಹಾಡುವುದಕ್ಕೆ, ಬೋಧಿಸುವುದಕ್ಕೆ ಜನ ಮುಂದೆ ಬರುತ್ತಾರೆ. ಕಟ್ಟಿಗೆ ಹೊರೆಯನ್ನು ಹೊತ್ತು ತರುವವರು ಯಾರು? ಅದನ್ನು ಎಲ್ಲರ ಕೆಲಸವೆಂದು ಬಿಟ್ಟಿದ್ದರೆ ಒಬ್ಬರೂ ತರುತ್ತಿರಲಿಲ್ಲ. ಅವರು ಚೀಟಿ ಹಾಕಿದರು. ಯಾವ ಮನೆತನ ವರ್ಷದ ಯಾವ ಹೊತ್ತಿಗೆ ಕಟ್ಟಿಗೆ ತಂದುಹಾಕಬೇಕು ಎಂದು ಗೊತ್ತಾಯಿತು. ಆ ಚೀಟಿಯಲ್ಲಿ ಸಾಮಾನ್ಯ ಜನರಷ್ಟೇ ಇರಲಿಲ್ಲ, ಯಾಜಕರೂ ಲೇವಿಯರೂ ಇದ್ದರು. ಪೀಠದ ಮುಂದೆ ನಿಲ್ಲುವವನಿಗೂ ಕಟ್ಟಿಗೆಯ ಪಾಳಿ ತಪ್ಪಲಿಲ್ಲ. ನಿಮ್ಮ ಪ್ರಶ್ನೆಗೆ ನನಗೆ ಹೊಳೆಯುವ ಉತ್ತರ ಮುಕ್ಕಾಲುಪಾಲು ಇಲ್ಲೇ ಇದೆ. ಸಭೆಯ ಗುರಿ ಮರೆತುಹೋಗುವುದು ವಿಶ್ವಾಸ ಕಡಿಮೆಯಾಗಿ ಅಲ್ಲ. ಅದು ಎಲ್ಲರದೂ ಆಗಿ, ಯಾರ ಪಾಳಿಯೂ ಆಗದೆ ಉಳಿದಾಗ ಮರೆತುಹೋಗುತ್ತದೆ.

ಕತೆ ಅಲ್ಲಿಗೆ ಮುಗಿಯುವುದಿಲ್ಲ. ನೆಹೆಮೀಯ ದೊರೆಯ ಬಳಿಗೆ ಹೋಗಿ ಕೆಲಕಾಲದ ಮೇಲೆ ಮತ್ತೆ ಬಂದು ನೋಡಿದಾಗ, 13ನೆಯ ಅಧ್ಯಾಯದಲ್ಲಿ, ಬರೆದದ್ದೆಲ್ಲ ಮುರಿದುಬಿದ್ದಿತ್ತು. ಕಾಣಿಕೆ ದವಸ ಇಡಬೇಕಾದ ಕೋಣೆಯನ್ನು ಖಾಲಿಮಾಡಿಸಿ ಟೋಬೀಯನೆಂಬ ಪ್ರಭಾವಿ ಮನುಷ್ಯನಿಗೆ ಬಿಟ್ಟುಕೊಟ್ಟಿದ್ದರು. ಪಾಲು ಸಿಗದೆ ಲೇವಿಯರೂ ಗಾಯಕರೂ ತಮ್ಮ ತಮ್ಮ ಹೊಲಗಳಿಗೆ ಮರಳಿದ್ದರು. ಸಬ್ಬತ್ ದಿನವೇ ದ್ರಾಕ್ಷಿ ತುಳಿಯುತ್ತಿದ್ದರು, ತೂರ್ ಊರಿನವರು ಮೀನು ಮಾರುತ್ತಿದ್ದರು. ಅಷ್ಟು ಜನ ಮುದ್ರೆ ಹಾಕಿದ ಪತ್ರದ ಗತಿಯೇ ಹೀಗಾದರೆ, ಡಿಸೆಂಬರಿನ ಚಳಿಯಲ್ಲಿ ನಿದ್ದೆಗಣ್ಣಿನಲ್ಲಿ ಅಂದ ಆಮೆನ್ ಆರು ತಿಂಗಳು ಉಳಿಯಲಿಲ್ಲವೆಂದು ನೀವು ಕುಗ್ಗಬೇಕಾಗಿಲ್ಲ. ನೆಹೆಮೀಯ ಆಗ ಮಾಡಿದ್ದು ಹೊಸ ಘೋಷಣೆಯನ್ನಲ್ಲ. ಉಗ್ರಾಣಕ್ಕೆ ನಾಲ್ವರನ್ನು ನೇಮಿಸಿದ. ಅವರಲ್ಲೊಬ್ಬ ಯಾಜಕ, ಒಬ್ಬ ಲೇಖಕ, ಒಬ್ಬ ಲೇವಿಯ, ಇನ್ನೊಬ್ಬ ಅವರಿಗೆ ಸಹಾಯಕ. ನಾಲ್ವರೂ ಜನರ ನಂಬಿಕೆ ಗಳಿಸಿದವರು. ಕಟ್ಟಿಗೆಯ ಪಾಳಿಯನ್ನೂ ಮತ್ತೆ ಗೊತ್ತುಮಾಡಿದ.

ಹೊಸ ಒಡಂಬಡಿಕೆಯಲ್ಲೂ ಅರ್ಧಕ್ಕೆ ನಿಂತ ವಾರ್ಷಿಕ ಗುರಿಯೊಂದಿದೆ. ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಲು ಪೌಲ ಕೊರಿಂಥದವರಿಗೆ ಬರೆದ. ವಾರದ ಮೊದಲ ದಿನ ಪ್ರತಿಯೊಬ್ಬರೂ ವರಮಾನಕ್ಕೆ ತಕ್ಕಂತೆ ಮನೆಯಲ್ಲೇ ತೆಗೆದಿಡಬೇಕು, ತಾನು ಬಂದಾಗ ವಸೂಲಿ ಶುರುವಾಗಬಾರದು ಎಂದು ಕ್ರಮವನ್ನೂ ಹೇಳಿಕೊಟ್ಟ. ಕೊರಿಂಥದವರು ಉತ್ಸಾಹದಿಂದ ಒಪ್ಪಿದರು. ಎರಡನೆಯ ಪತ್ರದ ಹೊತ್ತಿಗೆ ಒಂದು ವರ್ಷ ಕಳೆದಿತ್ತು, ಕೆಲಸ ಮುಗಿದಿರಲಿಲ್ಲ. ಆ ಪತ್ರದ 8, 9ನೆಯ ಅಧ್ಯಾಯಗಳನ್ನು ಈ ಕಣ್ಣಿನಿಂದ ಓದಿದರೆ ಪೌಲನ ಜಾಣತನ ತಿಳಿಯುತ್ತದೆ. ಅವನು ಬೈಯುವುದಿಲ್ಲ. ಮೊದಲು ಶುರುಮಾಡಿದವರು ನೀವೇ, ಈಗ ಮುಗಿಸಿ ಅನ್ನುತ್ತಾನೆ. ತನ್ನ ಜೊತೆಗಾರ ತೀತನನ್ನು ಕಳಿಸುತ್ತಾನೆ. ಹಣದ ಬಗ್ಗೆ ಯಾರೂ ಬೆರಳು ತೋರಿಸದಂತೆ, ಸಭೆಗಳೇ ಆರಿಸಿದ ಸಹೋದರನನ್ನು ಜೊತೆಗೆ ಹಾಕುತ್ತಾನೆ. ಇಲ್ಲದ್ದನ್ನು ಕೊಡಬೇಕಾಗಿಲ್ಲ, ಇದ್ದದ್ದರಲ್ಲಿ ಕೊಡುವುದೇ ಸಾಕೆಂದು ಬಡವರ ಎದೆಯ ಭಾರ ಇಳಿಸುತ್ತಾನೆ. ಆಮೇಲೆ ರೋಮದವರಿಗೆ ಬರೆದ ಪತ್ರದಲ್ಲಿ ಮಕೆದೋನ್ಯದವರ ಜೊತೆಗೆ ಅಖಾಯದವರೂ ಕೊಟ್ಟರೆಂಬ ಮಾತಿದೆ. ಕೊರಿಂಥ ಇರುವುದು ಅಖಾಯದಲ್ಲೇ. ಅಂದರೆ ನಿಂತ ಕೆಲಸ ಮುಗಿಯಿತು.

ಈಗ ಹಿರಿಯರ ಬೇಸರಕ್ಕೆ ಬರೋಣ. ಟಾರ್ಗೆಟ್ ಅಂದಾಗ ಅವರ ಮನಸ್ಸಿಗೆ ಬರುವುದು ಬಹುಶಃ ತಲೆಲೆಕ್ಕ: ಈ ವರ್ಷ ಇಷ್ಟು ಹೊಸಬರು, ಇಷ್ಟು ದೀಕ್ಷಾಸ್ನಾನ. ಈ ಲೆಕ್ಕದ ವಿಚಾರಕ್ಕೆ ನಮ್ಮ ದೇಶದ ನಂಟೇ ಇದೆ. ಸಭೆಗಳ ಬೆಳವಣಿಗೆಯನ್ನು ಸಂಖ್ಯೆಯಲ್ಲಿ ಅಳೆಯಬೇಕೆಂದು ಪಟ್ಟುಹಿಡಿದ ಡೊನಾಲ್ಡ್ ಮೆಕ್‌ಗ್ಯಾವ್ರನ್ ಹುಟ್ಟಿದ್ದು 1897ರಲ್ಲಿ, ಇಂದಿನ ಮಧ್ಯಪ್ರದೇಶದ ದಮೋಹದಲ್ಲಿ. ಇಲ್ಲಿಯೇ ದಶಕಗಟ್ಟಲೆ ಮಿಷನರಿಯಾಗಿದ್ದ ಅವರು 1955ರಲ್ಲಿ ‘ದಿ ಬ್ರಿಡ್ಜಸ್ ಆಫ್ ಗಾಡ್’ ಬರೆದರು. ಅವರ ವಿಚಾರ ಅಮೆರಿಕಕ್ಕೆ ಹೋಗಿ ಬೆಳೆದು, ಅಲ್ಲಿಂದ ಲೋಕಕ್ಕೆಲ್ಲ ಹರಡಿತು. ಅದಕ್ಕೆ ಗಂಭೀರವಾಗಿ ಎದುರಾಡಿದವರಲ್ಲಿ ಲೆಸ್ಲಿ ನ್ಯೂಬಿಗಿನ್ ಒಬ್ಬರು. 1947ರಲ್ಲಿ ಸಿಎಸ್‌ಐ ಹುಟ್ಟಿದಾಗಲೇ ಮಧುರೈ ಸೀಮೆಯ ಬಿಷಪರಾದವರು ಅವರು. ಪೌಲನ ಪತ್ರಗಳಲ್ಲಿ ಸಭೆಯ ಸಂಖ್ಯೆಯ ಬಗ್ಗೆ ಆತಂಕವೇ ಕಾಣುವುದಿಲ್ಲ, ಅವನ ಚಿಂತೆಯೆಲ್ಲ ಸಭೆಯ ನಂಬಿಗಸ್ತಿಕೆಯದು ಎಂಬ ವಾದವನ್ನು ಅವರು 1978ರ ‘ದಿ ಓಪನ್ ಸೀಕ್ರೆಟ್’ನಲ್ಲಿ ಮುಂದಿಟ್ಟರು.

ನಾನು ನ್ಯೂಬಿಗಿನ್ ಅವರ ಕಡೆ. ಮನುಷ್ಯರನ್ನು ಗುರಿಯ ಅಂಕಿಯಾಗಿ ಮಾಡಬಾರದು. ಬಾಗಿಲಿಗೆ ಬಂದ ಹೊಸಬರು ತಾವು ಯಾರದೋ ಪಟ್ಟಿಯ ಭರ್ತಿಗೆ ಬೇಕಾದವರೆಂದು ತಿಳಿದರೆ ಅದಕ್ಕಿಂತ ನೋವು ಬೇರೆಯಿಲ್ಲ. ಆದರೆ ನಾವು ಮಾಡುವ ಕೆಲಸವನ್ನು ಎಣಿಸಬಹುದು, ಎಣಿಸಲೇಬೇಕು. ‘ಈ ವರ್ಷ 50 ಜನ ಹೊಸಬರು’ ಎಂಬುದನ್ನು ಬಿಡಿ. ‘ಹೊಸದಾಗಿ ಬಂದವರ ಮನೆಗೆ ಅದೇ ವಾರ ಇಬ್ಬರು ಹೋಗಿ ಮಾತಾಡಿಸುತ್ತೇವೆ’ ಎಂಬುದನ್ನು ಇಟ್ಟುಕೊಳ್ಳಿ. ಮೊದಲನೆಯದು ನಮ್ಮ ಕೈಯಲ್ಲಿಲ್ಲ, ಎರಡನೆಯದು ಪೂರ್ತಿ ನಮ್ಮ ಕೈಯಲ್ಲಿದೆ. ಹಿರಿಯರ ಮುಂದೆ ಈ ವ್ಯತ್ಯಾಸ ಇಟ್ಟು ನೋಡಿ, ಅವರೇ ನಿಮ್ಮ ಜೊತೆಗೆ ಬಂದಾರು.

ವರ್ಷದ ವಾಗ್ದಾನ ವಚನವನ್ನೂ ಗುರಿಯನ್ನೂ ಬೆರೆಸಬೇಡಿ. ವರ್ಷಾಂತ್ಯದ ರಾತ್ರಿ ವಚನದ ಚೀಟಿ ಎತ್ತುವುದು ನಮ್ಮ ಸಭೆಗಳಲ್ಲಿ ಎಲ್ಲರಿಗೂ ಪ್ರಿಯವಾದ ರೂಢಿ. ದಿನಕ್ಕೊಂದು ವಚನ ಹಂಚುವ ಪದ್ಧತಿಯನ್ನು ಜರ್ಮನಿಯ ಹೆರ್ನ್‌ಹೂಟ್‌ನಲ್ಲಿ ಭಕ್ತಿಪಂಥದ ಮುಂದಾಳು ಸಿನ್ಸೆನ್‌ಡಾರ್ಫ್ 1728ರಲ್ಲಿ ಶುರುಮಾಡಿದರು, 1731ರಿಂದ ಅದು ಪುಸ್ತಕವಾಗಿ ಅಚ್ಚಾಗುತ್ತ ಬಂದಿದೆ. ಇಡೀ ವರ್ಷಕ್ಕೊಂದು ವಚನ ಆರಿಸುವುದು ಜರ್ಮನಿಯಲ್ಲಿ 1930ರಲ್ಲಿ ಬಂತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರೂ ಅದೇ ಭಕ್ತಿಪಂಥದ ಮಣ್ಣಿನವರು. ವಾಗ್ದಾನ ದೇವರ ಕಡೆಯಿಂದ ಬರುವುದು, ಅದನ್ನು ಹಿಡಿದುಕೊಂಡು ಬಾಳಬೇಕು. ಗುರಿ ನಾವು ಮಾಡುತ್ತೇವೆಂದು ಒಪ್ಪಿಕೊಳ್ಳುವುದು, ಅದಕ್ಕೆ ನಾವೇ ಉತ್ತರ ಕೊಡಬೇಕು. ಮೆಥೊಡಿಸ್ಟರಲ್ಲಿ ಇದಕ್ಕೆಂದೇ ಬೇರೆ ಆರಾಧನೆಯಿದೆ. ಜಾನ್ ವೆಸ್ಲಿ 1755ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ನಡೆಸಿದ ಒಡಂಬಡಿಕೆಯ ಆರಾಧನೆ ಮುಂದೆ ಹೊಸ ವರ್ಷದ ಆರಾಧನೆಯಾಗಿ ನೆಲೆಯಾಯಿತು. ಹಳೇ ಮೈಸೂರಿನ ಸಭೆಗಳಲ್ಲಿ ಹಲವು ವೆಸ್ಲಿಯನ್ ಮಿಷನ್ನಿನವೇ ಆದ್ದರಿಂದ ಇದು ನಮಗೆ ಹೊರಗಿನದೇನೂ ಅಲ್ಲ.

ಇನ್ನು ನಿಮ್ಮ ಸಭೆಯ ಕೆಲಸ. ಮೊದಲು ಕೇಳಬೇಕು, ಆಮೇಲೆ ಬರೆಯಬೇಕು. ಅಕ್ಟೋಬರ್, ನವೆಂಬರ್ ಎರಡು ತಿಂಗಳು ಕೇಳುವುದಕ್ಕೇ ಇರಲಿ. ಸಮಿತಿಯ ಕೋಣೆಯಲ್ಲಿ ಕೂತು ಕೇಳಿದರೆ ಸಮಿತಿಯವರ ಉತ್ತರವೇ ಸಿಗುತ್ತದೆ. ಓಣಿ ಓಣಿಯ ಮನೆ ಪ್ರಾರ್ಥನೆಗಳಿಗೆ ಹೋಗಿ, ಪ್ರಾರ್ಥನೆ ಮುಗಿದು ಚಹಾ ಬರುವ ಹೊತ್ತಿನಲ್ಲಿ ಕೇಳಿ. ಸ್ತ್ರೀಯರ ಕೂಟಕ್ಕೆ ಹೋಗಿ ಕೇಳಿ. ಸುಗ್ಗಿ ಹಬ್ಬದ ಅಡುಗೆಯಿಂದ ಹಿಡಿದು ಸಾವಿನ ಮನೆಗೆ ಊಟ ಒಯ್ಯುವವರೆಗೆ ಕೈಯಿಂದ ಆಗುವ ಕೆಲಸದ ದೊಡ್ಡ ಪಾಲು ಅವರದು, ಆದರೂ ಗುರಿ ಗೊತ್ತುಮಾಡುವಾಗ ಅವರನ್ನು ಕೇಳುವುದು ಕಡೆಗೆ. ಭಾನುವಾರ ಡ್ಯೂಟಿಯಿರುವ ನರ್ಸ್‌ಗಳನ್ನು, ವಾರದ ಸಂತೆಗೆ ಅಂಗಡಿ ಹಾಕುವವರನ್ನು, ಮಂಚ ಹಿಡಿದ ಅಜ್ಜಿಯರನ್ನು ಬಿಡಬೇಡಿ. ‘ನಮ್ಮ ಸಭೆಯ ಗುರಿ ಏನಿರಬೇಕು?’ ಎಂದು ಕೇಳಿದರೆ ಎಲ್ಲರೂ ಪ್ರಸಂಗದ ಮಾತಾಡುತ್ತಾರೆ. ‘ಕಳೆದ ವರ್ಷ ನಿಮಗೆ ಸಭೆ ಬೇಕಾಗಿತ್ತು, ಸಿಗಲಿಲ್ಲ, ಅಂಥದ್ದು ಯಾವಾಗ ಆಯಿತು?’ ಎಂದು ಕೇಳಿ. ಬರುವ ಉತ್ತರ ಕೇಳಲು ಕಷ್ಟವಾಗಬಹುದು, ಆದರೆ ಗುರಿ ಹುಟ್ಟಬೇಕಾದದ್ದು ಅಲ್ಲಿಂದಲೇ. ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದಲ್ಲಿ ಏಳು ಜನರ ನೇಮಕವಾದದ್ದು ದರ್ಶನದಿಂದಲ್ಲ, ನಮ್ಮ ವಿಧವೆಯರಿಗೆ ದಿನದ ಪಾಲು ಸಿಗುತ್ತಿಲ್ಲ ಎಂಬ ಗೊಣಗಾಟದಿಂದ.

ಹೀಗೆ ಕೇಳಿದರೆ ನಮ್ಮ ಊರುಗಳ ಸಭೆಗಳಲ್ಲಿ ಏಳುವ ಎರಡು ಸಂಗತಿಗಳು ನನಗೆ ಗೊತ್ತು.

ಒಂದು, ಮಕ್ಕಳ ಕನ್ನಡ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಗು ಸಂಗೀತ ಪುಸ್ತಕ ಹಿಡಿದು ನಿಲ್ಲುತ್ತದೆ, ಬಾಯಿ ಆಡಿಸುತ್ತದೆ, ಪುಟದ ಮೇಲೆ ಕಣ್ಣಿರುವುದಿಲ್ಲ. ಪಲ್ಲವಿ ಬಾಯಿಪಾಠ ಬಂದಿರುತ್ತದೆ, ಚರಣಕ್ಕೆ ಬಂದಾಗ ಸ್ವರ ಸಣ್ಣಗಾಗುತ್ತದೆ. ಬೈಬಲ್ ಪಾಠ ಓದಲು ಕರೆದರೆ ಮೊಬೈಲಿನಲ್ಲಿ ಇಂಗ್ಲಿಷ್ ತೆರೆಯುತ್ತದೆ. ಬಳ್ಳಾರಿಯಲ್ಲಿ ಕೂತು ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ದುಡಿದು ಇಡೀ ಬೈಬಲನ್ನು ಕನ್ನಡಕ್ಕೆ ತಂದರು, 1831ರ ಹೊತ್ತಿಗೆ ಅದು ಅಚ್ಚಾಗಿತ್ತು. ಆ ಪುಸ್ತಕ ಸುಮಾರು ಎರಡು ಶತಮಾನಗಳಾದ ಮೇಲೆ ನಮ್ಮದೇ ಮಕ್ಕಳಿಗೆ ಮುಚ್ಚಿಹೋಗುತ್ತಿದೆ ಎಂದರೆ ನನಗೆ ಸಂಕಟವಾಗುತ್ತದೆ. ಇದಕ್ಕೆ ‘ಭಾನುವಾರ ಶಾಲೆಯನ್ನು ಬಲಪಡಿಸುವುದು’ ಎಂದು ಬರೆದರೆ ಏನೂ ಬರೆದಂತಲ್ಲ. ಹೀಗೆ ಬರೆಯಿರಿ: ಜೂನ್ ಮೊದಲ ಭಾನುವಾರದಿಂದ ಆರಾಧನೆಗೆ ಮುಂಚೆ ಅರ್ಧ ಗಂಟೆ ಕನ್ನಡ ಓದು. ನಾಲ್ಕನೆಯ ತರಗತಿಯಿಂದ ಮೇಲಿನ ಮಕ್ಕಳು. ಕಲಿಸುವವರು ನಿವೃತ್ತ ಶಿಕ್ಷಕಿಯರಿಬ್ಬರು, ಅವರಲ್ಲೊಬ್ಬರು ಬಾರದ ದಿನಕ್ಕೆ ಯುವಕ ಸಂಘದ ಇಂಥವರು. ಡಿಸೆಂಬರ್ ಬರುವಷ್ಟರಲ್ಲಿ ಪ್ರತಿ ಮಗುವೂ ಒಂದು ಕೀರ್ತನೆಯನ್ನು ಸಭೆಯ ಮುಂದೆ ನಿಂತು ಪುಸ್ತಕ ನೋಡಿ ಓದಬೇಕು. ಆಯಿತೋ ಇಲ್ಲವೋ ಎಂದು ಯಾರು ಬೇಕಾದರೂ ಹೇಳಬಲ್ಲರು. ಅದೇ ಅದರ ಬಲ.

ಇನ್ನೊಂದು, ಒಂಟಿ ಮುದುಕರು. ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿಯಲ್ಲೋ ಇರುತ್ತಾರೆ, ದುಡ್ಡು ಕಳಿಸುತ್ತಾರೆ, ಆದರೆ ದೇವಾಲಯಕ್ಕೆ ಕೈಹಿಡಿದು ಕರೆತರುವವರಿಲ್ಲ. ವರ್ಷಗಟ್ಟಲೆ ಕರ್ತನ ಭೋಜನದ ರೊಟ್ಟಿ ಕಾಣದವರೂ ಇದ್ದಾರೆ. ಅವರ ಹೆಸರಿನ ಪಟ್ಟಿ ಬರೆಯಿರಿ. ಒಬ್ಬೊಬ್ಬರಿಗೆ ಎರಡೆರಡು ಮನೆಗಳನ್ನು ಗೊತ್ತುಮಾಡಿ, ತಿಂಗಳಿಗೊಮ್ಮೆ ಭೇಟಿ. ಮೂರು ತಿಂಗಳಿಗೊಮ್ಮೆ ಅಯ್ಯನವರು ಮನೆಗೇ ಭೋಜನ ಸಂಸ್ಕಾರವನ್ನು ಒಯ್ಯಬೇಕು, ಜೊತೆಗೆ ಆ ಎರಡು ಮನೆಗಳಿಂದ ಒಬ್ಬರು ಹೋಗಬೇಕು. ಯಾವ ಮನೆಗೆ ಯಾವ ಮನೆ ಎಂಬುದನ್ನು ನೆಹೆಮೀಯನ ಜನರಂತೆ ಚೀಟಿಯಿಂದಲೇ ಆರಿಸಿ. ನಾವಾಗಿ ಆರಿಸಿಕೊಂಡರೆ ಬೇಕಾದವರ ಮನೆಗೆ ಎಲ್ಲರೂ ಹೋಗುತ್ತಾರೆ, ಬೇಡವಾದವರು ಹಾಗೇ ಉಳಿಯುತ್ತಾರೆ. ಚೀಟಿಯಲ್ಲಿ ಸಮಿತಿಯ ಕಾರ್ಯದರ್ಶಿಯ ಹೆಸರೂ ಖಜಾಂಚಿಯ ಹೆಸರೂ ಇರಲಿ.

ವರ್ಷಕ್ಕೆ ಇಂಥ ಎರಡು ಗುರಿ ಸಾಕು, ಹೆಚ್ಚೆಂದರೆ ಮೂರು. ಹೊಸದೊಂದನ್ನು ಕೈಗೆತ್ತಿಕೊಳ್ಳುವಾಗ ಹಳೆಯದೊಂದನ್ನು ಕೆಳಗಿಡಬೇಕು. ಎಲ್ಲ ಸಭೆಗಳಲ್ಲೂ ಅದೇ ಹತ್ತು ಹನ್ನೆರಡು ಜನ ಗಾಯನ ಮಂಡಳಿಯಲ್ಲೂ ಇರುತ್ತಾರೆ, ಭಾನುವಾರ ಶಾಲೆಯಲ್ಲೂ ಇರುತ್ತಾರೆ, ಸುಗ್ಗಿ ಹಬ್ಬದ ಹರಾಜಿಗೂ ನಿಲ್ಲುತ್ತಾರೆ. ಅವರ ಮೇಲೆ ಇನ್ನೊಂದು ಹೊರೆ ಇಡುವುದನ್ನು ಗುರಿ ಅನ್ನಬೇಡಿ.

ಕಟ್ಟಡದ ಮಾತು ಬಂದೇ ಬರುತ್ತದೆ. ಸೂರು ಸೋರುತ್ತಿದ್ದರೆ ರಿಪೇರಿ ಆಗಲೇಬೇಕು, ಅದಕ್ಕೆ ಗುರಿಯೆಂಬ ಹೆಸರು ಬೇಡ. ಹೊಸ ಸಭಾಭವನ, ಗೋಪುರ ಎಂದಾಗ ಜಾಗ್ರತೆಯಿರಲಿ. ಆಸ್ತಿ ಇರುವುದು ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಹೆಸರಿನಲ್ಲಿ, ಮಂಜೂರಾತಿ ಬರಬೇಕಾದದ್ದು ಡಯಾಸಿಸ್‌ನಿಂದ. ವರ್ಷದೊಳಗೆ ಮುಗಿಸುವುದು ನಿಮ್ಮ ಕೈಯಲ್ಲಿಲ್ಲದ್ದನ್ನು ವರ್ಷದ ಗುರಿ ಮಾಡಬೇಡಿ.

ಹಣದಲ್ಲಿ ಇನ್ನೊಂದು ಎಡವಟ್ಟು ಎಲ್ಲ ಕಡೆ ಕಾಣುತ್ತದೆ. ಗುರಿ ಘೋಷಣೆಯಾಗುವುದು ಡಿಸೆಂಬರ್ 31ಕ್ಕೆ, ಲೆಕ್ಕದ ವರ್ಷ ಶುರುವಾಗುವುದು ಏಪ್ರಿಲ್ 1ಕ್ಕೆ. ಬಜೆಟ್ ಮಾಡುವವರ ಮುಂದೆ ಗುರಿಯ ಕಾಗದ ಇರುವುದೇ ಇಲ್ಲ. ಹಾಗಾಗಿ ಗುರಿಗೆ ಒಂದು ರೂಪಾಯಿಯೂ ಬೀಳುವುದಿಲ್ಲ. ಕ್ರೈಸ್ತ ಪಂಚಾಂಗದ ವರ್ಷವಾದರೋ ಆಗಮನ ಕಾಲದಿಂದ, ನವೆಂಬರ್ ಕೊನೆಗೋ ಡಿಸೆಂಬರ್ ಮೊದಲಿಗೋ ಶುರುವಾಗುತ್ತದೆ. ನನ್ನ ಸಲಹೆ ಹೀಗಿದೆ: ಆಗಮನ ಕಾಲದಲ್ಲಿ ಗುರಿಗಳನ್ನು ಸಭೆಯ ಮುಂದಿಟ್ಟು ಪ್ರಾರ್ಥಿಸಿ, ತಿದ್ದಿ; ಹೊಸ ವರ್ಷದ ಮೊದಲ ಭಾನುವಾರ ಒಪ್ಪಿಕೊಳ್ಳಿ; ಮಾರ್ಚ್‌ನಲ್ಲಿ ಖಜಾಂಚಿಯವರು ಪ್ರತಿ ಗುರಿಯ ಮುಂದೆ ಅದರ ಖರ್ಚು ಬರೆದು ಮಹಾಸಭೆಗೆ ತರಲಿ. ಮಕ್ಕಳ ಕನ್ನಡ ಓದಿಗೆ ಪುಸ್ತಕದ ಖರ್ಚು ಬಿಟ್ಟರೆ ಹೆಚ್ಚೇನೂ ಬೇಕಾಗದು. ಆದರೆ ಆ ಸಾಲು ಬಜೆಟ್ಟಿನಲ್ಲಿ ಕಂಡರೆ ಗುರಿಗೆ ಗೌರವ ಬರುತ್ತದೆ.

ಯಾರು ಎಷ್ಟು ಕೊಟ್ಟರೆಂದು ದೇವಾಲಯದಲ್ಲಿ ಹೆಸರು ಓದಿ ಹೇಳುವ ರೂಢಿ ನಿಮ್ಮಲ್ಲಿದ್ದರೆ, ಈ ಗುರಿಗಳ ಮಟ್ಟಿಗಾದರೂ ಅದನ್ನು ಬಿಡಿ. ದಿನಗೂಲಿಯ ಮನೆಯವರು ಕೊಟ್ಟ ನೂರು ರೂಪಾಯಿ, ವಿದೇಶದಿಂದ ಬಂದ ಹತ್ತು ಸಾವಿರದ ಪಕ್ಕದಲ್ಲಿ ಮೈಕಿನಲ್ಲಿ ಕೇಳಿಸಿದರೆ ಮುಂದಿನ ಸಲ ಅವರು ಹಿಂದಿನ ಬೆಂಚಿಗೆ ಹೋಗುತ್ತಾರೆ. ಕೂಡಿದ ಒಟ್ಟು ಹಣವನ್ನು ಹೇಳಿ, ಲೆಕ್ಕವನ್ನು ಇಬ್ಬರು ಸೇರಿ ಎಣಿಸಿ ಸಹಿ ಹಾಕಿ, ನೋಟಿಸ್ ಬೋರ್ಡಿಗೆ ಅಂಟಿಸಿ.

ಮೂರು ತಿಂಗಳಿಗೊಮ್ಮೆ ಆರಾಧನೆಯ ಕೊನೆಯಲ್ಲಿ ಹತ್ತು ನಿಮಿಷ ತೆಗೆದಿಡಿ. ವರದಿ ಓದುವುದು ಕಾರ್ಯದರ್ಶಿಯ ಕೆಲಸವಾಗಬಾರದು. ಪಾಳಿಯಲ್ಲಿದ್ದವರೇ ಎದ್ದುನಿಂತು ಏನಾಯಿತು, ಏನಾಗಲಿಲ್ಲ ಎಂದು ಹೇಳಲಿ. ‘ಎರಡು ತಿಂಗಳು ಹೋದೆವು, ಮೂರನೆಯ ತಿಂಗಳು ಮನೆಯಲ್ಲಿ ಕಾಯಿಲೆ, ಹೋಗಲಾಗಲಿಲ್ಲ’ ಎಂದು ಯಾರಾದರೂ ಅಂದರೆ ಅದು ನಾಚಿಕೆಯ ಮಾತಲ್ಲ. ಪಕ್ಕದಲ್ಲಿ ಕೂತವರು ‘ಬರುವ ತಿಂಗಳು ನಾವು ಹೋಗುತ್ತೇವೆ’ ಅನ್ನಲು ಅದೇ ಎಡೆ. ಒಂದು ಗುರಿ ನಡೆಯುವುದೇ ಇಲ್ಲವೆಂದು ಸೆಪ್ಟೆಂಬರ್‌ಗೆ ಗೊತ್ತಾದರೆ ಸಭೆಯ ಮುಂದೆಯೇ ಅದನ್ನು ಕೈಬಿಡಿ. ಸದ್ದಿಲ್ಲದೆ ಸತ್ತ ಗುರಿ ಮುಂದಿನ ವರ್ಷದ ಗುರಿಯನ್ನೂ ನಂಬದಂತೆ ಮಾಡುತ್ತದೆ.

ಸಮಿತಿಯ ಚುನಾವಣೆ ಹತ್ತಿರವಿದ್ದರೆ ಇನ್ನೂ ಎಚ್ಚರಿಕೆ ಬೇಕು. ಗುರಿ ಒಂದು ಗುಂಪಿನ ಪ್ರಣಾಳಿಕೆಯಾದರೆ ಇನ್ನೊಂದು ಗುಂಪು ಅದನ್ನು ಸೋಲಿಸಲೆಂದೇ ದೂರ ನಿಲ್ಲುತ್ತದೆ. ನಿಮ್ಮ ಮೂವರಲ್ಲಿ ಯಾರಾದರೂ ಸ್ಪರ್ಧಿಸುವ ಮನಸ್ಸಿನಲ್ಲಿದ್ದರೆ ಈಗಲೇ ಹೇಳಿ, ಈ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡಿ.

ಕೊನೆಗೆ ಅಯ್ಯನವರ ವಿಷಯ. ಈಗ ಇರುವವರು ಎಷ್ಟೇ ಉತ್ಸಾಹಿಗಳಾಗಿರಲಿ, ಒಂದು ದಿನ ವರ್ಗವಾಗಿ ಹೋಗುತ್ತಾರೆ, ಗುರಿಗಳು ಬರೀ ಅವರವೇ ಆಗಿದ್ದರೆ ಅವೂ ಹೋಗುತ್ತವೆ. ಒಪ್ಪಿಕೊಂಡ ಗುರಿಗಳನ್ನು ಪಾಳಿಯ ಹೆಸರುಗಳ ಸಮೇತ ಒಂದೇ ಹಾಳೆಯಲ್ಲಿ ಬರೆದು ಸಭೆಯ ನಡಾವಳಿ ಪುಸ್ತಕಕ್ಕೆ ಅಂಟಿಸಿ. ಹೊಸ ಅಯ್ಯನವರು ಬಂದ ಮೊದಲ ವಾರ ಬೀಗದ ಕೈ, ನೋಂದಣಿ ಪುಸ್ತಕಗಳ ಜೊತೆಗೆ ಅದರ ಪ್ರತಿಯೂ ಅವರ ಕೈಗೆ ಹೋಗಲಿ. ಬದಲಾಯಿಸಬೇಕೆಂದು ಅವರಿಗೆ ಅನ್ನಿಸಿದರೆ ಆ ಹಾಳೆಯನ್ನು ಹಿಡಿದು ಸಭೆಯನ್ನೇ ಕೇಳಲಿ. ಅವರ ಹೆಸರನ್ನೂ ಮುಂದಿನ ತಿಂಗಳ ಪಾಳಿಗೆ ಸೇರಿಸಿಕೊಳ್ಳಿ.